ಒಂದೇ ತಾರೀಖು, ಹಲವು ಘಟನೆ: ‘ಇತಿಹಾಸದಲ್ಲಿ ಈ ದಿನ’ ಫಲಕವನ್ನು ಸಿದ್ಧಪಡಿಸುವ ಕ್ರಮ

ಶಾಲೆಯ ಪಡಸಾಲೆಯಲ್ಲೋ ಊರಿನ ವಾಚನಾಲಯದ ಬಾಗಿಲ ಪಕ್ಕದಲ್ಲೋ ‘ಇತಿಹಾಸದಲ್ಲಿ ಈ ದಿನ’ ಎಂದು ಬರೆಯುವ ಕರಿಹಲಗೆಗೆ ಓದುಗರು ಸಿಗುವುದು ಅದರಲ್ಲಿ ಇಬ್ಬರು ಗಣ್ಯರ ಜನ್ಮದಿನ ಇದ್ದಾಗಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಘಟನೆಗಳು ಒಂದೇ ತಾರೀಖಿನಲ್ಲಿ ಅಕ್ಕಪಕ್ಕ ನಿಂತಾಗ. ಆದರೆ ಹೀಗೆ ಜೋಡಿಸುವ ಕೆಲಸದಲ್ಲಿ ತಪ್ಪುವ ಅವಕಾಶಗಳು ಬಹಳ. ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳನ್ನು ಹಾಗೆಯೇ ನಕಲು ಮಾಡಿದರೆ, ಹನ್ನೊಂದು ದಿನಗಳ ಅಂತರದಲ್ಲಿ ನಡೆದ ಎರಡು ಸಾವುಗಳು ಒಂದೇ ದಿನದವಾಗುತ್ತವೆ, ಬೇಕೆಂದೇ ಆರಿಸಿಕೊಂಡ ದಿನ ಕಾಕತಾಳೀಯವಾಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಕಡೆಗಳಲ್ಲಿ ಇಂಥ ಫಲಕವನ್ನು ನಡೆಸುವ ಶಿಕ್ಷಕರಿಗೂ ಗ್ರಂಥಪಾಲಕರಿಗೂ ಯುವಕ ಸಂಘದವರಿಗೂ ಉಪಯೋಗವಾಗಲೆಂದು ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದೆ. ಉದಾಹರಣೆಗೆ ಮೇ 7 ಎಂಬ ಒಂದು ತಾರೀಖನ್ನು ಮೊದಲಿನಿಂದ ಹಿಡಿದು ಸಾಗಿದ್ದೇನೆ.

ಮೊದಲ ಹೆಜ್ಜೆ: ತಾರೀಖನ್ನು ಊರಿನ ಕಡೆಯಿಂದ ಹಿಡಿಯಿರಿ

ಯಾವ ತಾರೀಖನ್ನು ಮುಟ್ಟಿದರೂ ಹತ್ತಾರು ಘಟನೆಗಳು ಸಿಕ್ಕೇ ಸಿಗುತ್ತವೆ. 23 ಮಂದಿ ಒಂದು ಕೋಣೆಯಲ್ಲಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು ಎಂಬುದು ಗಣಿತದವರಿಗೆ ಗೊತ್ತಿರುವ ಲೆಕ್ಕ. ಆದ್ದರಿಂದ ‘ಎರಡು ಘಟನೆ, ಒಂದೇ ದಿನ’ ಎಂಬಷ್ಟೇ ಕಾರಣಕ್ಕೆ ಬೆರಗುಗೊಳ್ಳಬೇಕಾಗಿಲ್ಲ. ಓದುಗರಿಗೆ ಪರಿಚಯವಿರುವ ಒಂದು ಘಟನೆಯನ್ನು ಗೂಟವಾಗಿ ನೆಟ್ಟುಕೊಂಡು ಉಳಿದವನ್ನು ಅದರ ಸುತ್ತ ಹುಡುಕಿದರೆ ಫಲಕಕ್ಕೊಂದು ಅರ್ಥ ಬರುತ್ತದೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರರು ಬಂದು ಅವರೊಡನೆ ತಂಗಿದ್ದರು. ಇಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದರು. ಅವರು ಹುಟ್ಟಿದ್ದು 1861ರ ಮೇ 7ರಂದು. ಅದೇ ತಾರೀಖಿನಲ್ಲಿ ಹುಡುಕಿದರೆ ಇಷ್ಟು ಸಿಗುತ್ತದೆ: 1824ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಮೊದಲ ಪ್ರದರ್ಶನ, 1833ರಲ್ಲಿ ಹ್ಯಾಂಬರ್ಗಿನಲ್ಲಿ ಬ್ರಾಮ್ಸ್, 1840ರಲ್ಲಿ ರಷ್ಯಾದಲ್ಲಿ ಚೈಕೋವ್‌ಸ್ಕಿ ಎಂಬ ಇಬ್ಬರು ಸಂಗೀತಕಾರರ ಜನನ, 1880ರಲ್ಲಿ ಧರ್ಮಶಾಸ್ತ್ರಗಳ ಇತಿಹಾಸಕಾರ ಪಾಂಡುರಂಗ ವಾಮನ ಕಾಣೆಯವರ ಜನನ, 1915ರಲ್ಲಿ ಐರ್ಲೆಂಡಿನ ತೀರದ ಬಳಿ ಲುಸಿಟಾನಿಯಾ ಹಡಗಿನ ಮುಳುಗಡೆ, 1924ರಲ್ಲಿ ಆಂಧ್ರದ ಮನ್ಯದಲ್ಲಿ ಅಲ್ಲೂರಿ ಸೀತಾರಾಮರಾಜುವಿನ ಹತ್ಯೆ, 1945ರಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಜರ್ಮನಿಯ ಶರಣಾಗತಿ ಪತ್ರಕ್ಕೆ ಸಹಿ. ಹಾಡು ಕಟ್ಟಿ ಸ್ವರ ಹಾಕುತ್ತಿದ್ದ ಟಾಗೋರರ ಪಕ್ಕದಲ್ಲಿ ಮೂರು ಸಂಗೀತದ ಸಂಗತಿಗಳು ಬಂದು ಕೂತಿರುವುದು ಆಕರ್ಷಕವೇ ಸರಿ. ಆದರೆ ಇವನ್ನು ಇನ್ನೂ ಹಲಗೆಯ ಮೇಲೆ ಬರೆಯುವಂತಿಲ್ಲ.

ಎರಡನೆಯ ಹೆಜ್ಜೆ: ಘಟನೆಗೊಂದು ಚೀಟಿ

ಪ್ರತಿ ಘಟನೆಗೂ ಅಂಗೈ ಅಗಲದ ಒಂದು ಚೀಟಿ ಮಾಡಿ. ಏನಾಯಿತು, ಎಲ್ಲಾಯಿತು, ಮೂಲದಲ್ಲಿ ತಾರೀಖನ್ನು ಹೇಗೆ ಬರೆದಿದೆ, ಆ ಊರಿನಲ್ಲಿ ಆಗ ಯಾವ ಕ್ಯಾಲೆಂಡರ್ ನಡೆಯುತ್ತಿತ್ತು, ಹೊತ್ತು ಎಷ್ಟು, ವಾರ ಯಾವುದು ಎಂಬಿಷ್ಟನ್ನು ಅದರಲ್ಲಿ ಬರೆಯಿರಿ. ವಾರವನ್ನು ಬಿಡಬೇಡಿ. ಹಳೆಯ ಕಾಗದದಲ್ಲಿ ತಾರೀಖಿನ ಜೊತೆ ವಾರವೂ ಇದ್ದರೆ, ಅವೆರಡೂ ಹೊಂದುತ್ತವೆಯೇ ಎಂದು ನೋಡುವುದೇ ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ.

ಮೂರನೆಯ ಹೆಜ್ಜೆ: ಯಾವ ಕ್ಯಾಲೆಂಡರಿನ ತಾರೀಖು?

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ, ಏಕೆಂದರೆ ಪ್ರಸಿದ್ಧ ಜೋಡಿಗಳಲ್ಲಿ ಹೆಚ್ಚಿನವು ಮುರಿದುಬೀಳುವುದು ಇಲ್ಲಿಯೇ. ಯುರೋಪಿನಲ್ಲಿ 1582ರವರೆಗೆ ಜೂಲಿಯನ್ ಕ್ಯಾಲೆಂಡರ್ ಇತ್ತು. ಆ ವರ್ಷ ಪೋಪ್ 13ನೆಯ ಗ್ರೆಗರಿ ಅದನ್ನು ತಿದ್ದಿದಾಗ ಸ್ಪೇನ್, ಪೋರ್ಚುಗಲ್ ಮತ್ತು ಇಟಲಿಯ ಹೆಚ್ಚಿನ ಭಾಗಗಳಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ಎರಡು ತಾರೀಖುಗಳ ನಡುವಿನ ರಾತ್ರಿಯಲ್ಲಿ. ಇಂಗ್ಲೆಂಡ್ ಈ ತಿದ್ದುಪಡಿಯನ್ನು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಬುಧವಾರದ ಮರುದಿನ ಸೆಪ್ಟೆಂಬರ್ 14ರ ಗುರುವಾರ ಬಂತು. ರಷ್ಯಾ 1918ರವರೆಗೂ ಹಳೆಯದರಲ್ಲೇ ಇತ್ತು. ಸ್ವೀಡನ್ ಮಾತ್ರ ಮಧ್ಯದಲ್ಲಿ ಗೊಂದಲ ಮಾಡಿಕೊಂಡು, 1712ರಲ್ಲಿ ಫೆಬ್ರುವರಿ 30 ಎಂಬ ತಾರೀಖನ್ನೇ ಆಚರಿಸಿತು. ಆ ತಾರೀಖಿಗೆ ಜೋಡಿ ಹುಡುಕುವ ಶ್ರಮ ಯಾರಿಗೂ ಬೇಡ.

ಲೆಕ್ಕ ಸರಳವಾಗಿದೆ. ಜೂಲಿಯನ್ ತಾರೀಖನ್ನು ಇಂದಿನದಕ್ಕೆ ತರಲು 1582ರಿಂದ 1700ರ ಫೆಬ್ರುವರಿಯವರೆಗೆ 10 ದಿನ, ಅಲ್ಲಿಂದ 1800ರ ಫೆಬ್ರುವರಿಯವರೆಗೆ 11 ದಿನ, 1900ರ ಫೆಬ್ರುವರಿಯವರೆಗೆ 12 ದಿನ, ಅನಂತರ 13 ದಿನ ಕೂಡಿಸಬೇಕು. ಚೈಕೋವ್‌ಸ್ಕಿ ಹುಟ್ಟಿದಾಗ ರಷ್ಯಾದ ದಾಖಲೆಯಲ್ಲಿ ಏಪ್ರಿಲ್ 25 ಎಂದಿತ್ತು; 12 ದಿನ ಕೂಡಿಸಿದರೆ ಮೇ 7. ಹ್ಯಾಂಬರ್ಗಿನಲ್ಲಿ ಆಗಲೇ ಹೊಸ ಕ್ಯಾಲೆಂಡರ್ ಇದ್ದುದರಿಂದ ಬ್ರಾಮ್ಸನ ಮೇ 7 ಇದ್ದಂತೆಯೇ ಸರಿ. ಈ ಜೋಡಿ ಪರೀಕ್ಷೆಯಲ್ಲಿ ಗೆದ್ದಿತು. (ಬ್ರಾಮ್ಸನ ಸಂಗೀತ ಚೈಕೋವ್‌ಸ್ಕಿಗೆ ಹಿಡಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.)

ಗೆಲ್ಲದ ಜೋಡಿಯೊಂದನ್ನೂ ನೋಡಿ. ಏಪ್ರಿಲ್ 23ರ ವಿಶ್ವ ಪುಸ್ತಕ ದಿನದಂದು, ‘ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ 1616ರ ಈ ದಿನವೇ ತೀರಿಕೊಂಡರು’ ಎಂದು ವಾಚನಾಲಯಗಳಲ್ಲಿ ಬರೆಯುವುದುಂಟು. ಶೇಕ್ಸ್‌ಪಿಯರನ ಏಪ್ರಿಲ್ 23 ಇಂಗ್ಲೆಂಡಿನ ಜೂಲಿಯನ್ ತಾರೀಖು. ಇಂದಿನ ಲೆಕ್ಕದಲ್ಲಿ ಅದು ಮೇ 3. ಸರ್ವಾಂಟಿಸ್ ಸತ್ತದ್ದು ಸ್ಪೇನಿನ ಹೊಸ ಕ್ಯಾಲೆಂಡರಿನ ಏಪ್ರಿಲ್ 22ರಂದು. 23 ಅವನನ್ನು ಹೂಳಿದ ದಿನ. ಹೆಸರಿಗೆ ಒಂದೇ ತಾರೀಖಾದರೂ ಇಬ್ಬರ ಸಾವಿನ ನಡುವೆ 11 ದಿನಗಳಿವೆ. ಹೀಗಿದ್ದಾಗ ಜೋಡಿಯನ್ನು ಕೈಬಿಡುವುದಕ್ಕಿಂತ, ಅದು ಏಕೆ ಒಂದೇ ದಿನವಲ್ಲ ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯುವುದು ಲೇಸು. ಆ ವಿವರಣೆಯೇ ಮೂಲ ಸುದ್ದಿಗಿಂತ ಸ್ವಾರಸ್ಯವಾಗಿರುತ್ತದೆ.

ಇದು ದೂರದ ಯುರೋಪಿನ ತೊಡಕು ಎಂದು ನಮ್ಮ ಕಡೆಯವರು ತಿಳಿಯುವಂತಿಲ್ಲ. ಹದಿನೇಳನೆಯ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷರ ವ್ಯಾಪಾರ ಕೋಠಿ ಇತ್ತು. ಉತ್ತರಕ್ಕೆ ಸ್ವಲ್ಪವೇ ದೂರದ ಗೋವೆಯಲ್ಲಿ ಪೋರ್ಚುಗೀಸರಿದ್ದರು. ಕಾಳಿ ನದಿಯ ಸುತ್ತಲಿನ ಒಂದೇ ಘಟನೆಯನ್ನು ಎರಡೂ ಕಡೆಯವರು ಪತ್ರದಲ್ಲಿ ಬರೆದರೆ ತಾರೀಖುಗಳಲ್ಲಿ ಹತ್ತು ದಿನಗಳ ವ್ಯತ್ಯಾಸ ಬರುತ್ತಿತ್ತು. ಇದಕ್ಕಿಂತ ಹೆಚ್ಚಾಗಿ, 1752ಕ್ಕೆ ಮೊದಲು ಇಂಗ್ಲಿಷರ ಕಾಗದಪತ್ರಗಳಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕಾರವಾರದ ಕೋಠಿಯಿಂದ ‘1664, ಫೆಬ್ರುವರಿ 5’ ಎಂದು ಬರೆದ ಪತ್ರ, ಗೋವೆಯವರ ಪಾಲಿಗೆ 1665ರ ಫೆಬ್ರುವರಿ 15ರ ಪತ್ರ. ಬಸ್ರೂರಿನ ದಾಳಿಯ ಬಳಿಕ ಶಿವಾಜಿ ಕಾರವಾರಕ್ಕೆ ಬಂದು ಕಪ್ಪ ಕೇಳಿದ ಪ್ರಸಂಗವನ್ನು ನಾವು 1665ರ ಫೆಬ್ರುವರಿ ಎನ್ನುತ್ತೇವೆ. ಕೋಠಿಯವರ ಲೆಕ್ಕದಲ್ಲಿ ಅದು ಇನ್ನೂ 1664. ಆದ್ದರಿಂದ ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವ ತಾರೀಖು ಕಂಡರೂ ವರ್ಷವನ್ನು ಎರಡು ಬಾರಿ ಪರೀಕ್ಷಿಸಿ.

ನಾಲ್ಕನೆಯ ಹೆಜ್ಜೆ: ತಿಥಿಯನ್ನು ತಾರೀಖು ಮಾಡುವ ಮುನ್ನ

ಸೋದೆಯಲ್ಲಿ ವಾದಿರಾಜರ ಆರಾಧನೆ ನಡೆಯುವುದು ಫಾಲ್ಗುಣ ಬಹುಳ ತದಿಗೆಯಂದು. ಅದು ಒಂದು ವರ್ಷ ಬಿದ್ದ ತಾರೀಖಿನಲ್ಲಿ ಮರುವರ್ಷ ಬೀಳುವುದಿಲ್ಲ. ಈ ವರ್ಷ ಆರಾಧನೆ ಬಂದ ತಾರೀಖಿನ ಎದುರು ‘ಇದೇ ದಿನ ವಾದಿರಾಜರು ವೃಂದಾವನಸ್ಥರಾದರು’ ಎಂದು ಬರೆದರೆ ಮುಂದಿನ ವರ್ಷ ಆ ಫಲಕ ಸುಳ್ಳಾಗುತ್ತದೆ. ತಿಥಿಯಿಂದ ಆಚರಿಸುವ ದಿನಗಳಿಗೆ ಪ್ರತ್ಯೇಕ ಹಲಗೆ ಇಡುವುದು, ಪ್ರತಿ ವರ್ಷವೂ ಬಗ್ಗೋಣ ಪಂಚಾಂಗವನ್ನೋ ನಿಮ್ಮ ಮನೆಯಲ್ಲಿ ನಡೆಯುವ ಪಂಚಾಂಗವನ್ನೋ ನೋಡಿ ಬರೆಯುವುದು ಸರಿಯಾದ ದಾರಿ. ಬನವಾಸಿಯಂಥ ಕಡೆಯ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳು ಇರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸ್ಥೂಲವಾಗಿ ದೊರೆಯುತ್ತದೆ, ಪುಷ್ಯ ಮಾಘಗಳ ಹೊತ್ತಿಗೆ 79 ಆಗಬಹುದು. ಆದರೆ ತಾರೀಖಿನವರೆಗೆ ಹೋಗಬೇಕಾದರೆ ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದಂಥ ಕೋಷ್ಟಕಗಳ ನೆರವು ಬೇಕು. ಅಂಥ ತಾರೀಖುಗಳನ್ನು ವಿದ್ವಾಂಸರು ಜೂಲಿಯನ್ ಲೆಕ್ಕದಲ್ಲೇ ಕೊಡುವುದು ರೂಢಿ ಎಂಬುದೂ ನೆನಪಿರಲಿ.

ಸೌರಮಾನದ ದಿನಗಳು ಸ್ಥಿರವೆಂದು ಕಂಡರೂ ನಿಧಾನವಾಗಿ ಜಾರುತ್ತವೆ. ನಮ್ಮ ಸಂಕ್ರಾಂತಿಗಳು ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನ ಸ್ಥಾನವನ್ನು ಅನುಸರಿಸುತ್ತವೆ. ಆ ವರ್ಷ ಇಂಗ್ಲಿಷ್ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದಾದ್ದರಿಂದ ಎಪ್ಪತ್ತು ವರ್ಷಗಳಿಗೆ ಹೆಚ್ಚು ಕಡಿಮೆ ಒಂದು ದಿನ ಮುಂದೆ ಹೋಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಈಗ ಆ ಹಬ್ಬ 14 ಅಥವಾ 15ಕ್ಕೆ ಬರುತ್ತದೆ. ಟಾಗೋರರದ್ದೂ ಇದೇ ಕಥೆ. ಬಂಗಾಳಿಗಳು ಅವರ ಜನ್ಮದಿನವನ್ನು ವೈಶಾಖದ 25ರಂದು ಆಚರಿಸುವುದರಿಂದ ಪಶ್ಚಿಮ ಬಂಗಾಳದಲ್ಲಿ ಅದು ಈಗ ಮೇ 8 ಅಥವಾ 9ಕ್ಕೆ ಬೀಳುತ್ತದೆ. ಕಾರವಾರದ ಫಲಕದಲ್ಲಿ ಮೇ 7 ಎಂದೇ ಬರೆಯಿರಿ. ಕೊಲ್ಕತ್ತೆಯಲ್ಲಿ ಏಕೆ ಬೇರೆ ದಿನ ಎಂದು ಯಾರಾದರೂ ಕೇಳಿದರೆ ಹೇಳಲು ಕಾರಣವನ್ನು ಚೀಟಿಯಲ್ಲಿ ಇಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಯಾರ ಗಡಿಯಾರ, ಘಟನೆಯ ಯಾವ ಘಟ್ಟ?

ಜರ್ಮನಿಯ ಶರಣಾಗತಿ ಇದಕ್ಕೆ ಒಳ್ಳೆಯ ಪಾಠ. ರೀಮ್ಸ್‌ನಲ್ಲಿ ಸಹಿ ಬಿದ್ದದ್ದು 1945ರ ಮೇ 7ರ ನಸುಕಿನ 2 ಗಂಟೆ 41 ನಿಮಿಷಕ್ಕೆ. ಯುದ್ಧ ನಿಲ್ಲಬೇಕಾದದ್ದು ಮೇ 8ರ ರಾತ್ರಿ. ಅದೇ ರಾತ್ರಿ ಬರ್ಲಿನ್ನಿನಲ್ಲಿ ಮತ್ತೊಮ್ಮೆ ಸಹಿ ನಡೆದಾಗ ಮಾಸ್ಕೋದ ಗಡಿಯಾರದಲ್ಲಿ ಮೇ 9 ಆಗಿತ್ತು. ಆದ್ದರಿಂದಲೇ ಪಶ್ಚಿಮ ಯುರೋಪಿನ ವಿಜಯ ದಿನ 8, ರಷ್ಯಾದ್ದು 9. ‘ಮೇ 7: ಯುರೋಪಿನಲ್ಲಿ ಯುದ್ಧ ಮುಗಿಯಿತು’ ಎಂದು ಬರೆದರೆ ತಪ್ಪು, ‘ಮೇ 7: ಶರಣಾಗತಿಗೆ ಮೊದಲ ಸಹಿ’ ಎಂದರೆ ಸರಿ. ಕ್ರಿಯಾಪದವನ್ನು ಬದಲಿಸಿದರೆ ಸಾಕಾಗುವ ಕಡೆ ತಾರೀಖನ್ನು ಕೈಬಿಡಬೇಕಾಗಿಲ್ಲ.

ನಮ್ಮ ಕಣ್ಣೆದುರಿನ ಉದಾಹರಣೆ ಅಂಜುದೀವ ದ್ವೀಪದ್ದು. ಗೋವಾ ವಿಮೋಚನೆಯ ದಿನವೆಂದು ಎಲ್ಲರೂ ಬರೆಯುವುದು 1961ರ ಡಿಸೆಂಬರ್ 19, ಅಂದರೆ ಪೋರ್ಚುಗೀಸರು ಶರಣಾದ ದಿನ. ಆದರೆ ಕಾರವಾರದ ಎದುರಿನ ಅಂಜುದೀವದಲ್ಲಿ ಭಾರತದ ನೌಕಾದಳದವರು ಇಳಿದು ಕಾದಾಡಿದ್ದು, ಅವರಲ್ಲಿ ಏಳು ಮಂದಿ ಪ್ರಾಣ ತೆತ್ತದ್ದು ಹಿಂದಿನ ದಿನ ಆರಂಭವಾದ ಕಾರ್ಯಾಚರಣೆಯಲ್ಲಿ. ಡಿಸೆಂಬರ್ 19ಕ್ಕೆ ಬೇರೊಂದು ಗಟ್ಟಿ ಜೋಡಿ ಇದೆ: 1927ರ ಆ ದಿನ ರಾಮಪ್ರಸಾದ್ ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರೋಶನ್ ಸಿಂಗ್ ಮೂವರನ್ನೂ ಬೇರೆ ಬೇರೆ ಊರುಗಳ ಸೆರೆಮನೆಗಳಲ್ಲಿ ಗಲ್ಲಿಗೇರಿಸಲಾಯಿತು. ಗೋವೆಯನ್ನು ಅದರ ಪಕ್ಕದಲ್ಲಿಡಿ. ಅಂಜುದೀವಕ್ಕೆ ಡಿಸೆಂಬರ್ 18ರ ಹಲಗೆಯನ್ನು ಪೂರ್ತಿಯಾಗಿ ಬಿಟ್ಟುಕೊಡಿ. ಕಾರವಾರದ ಓದುಗರು ಅಷ್ಟನ್ನಂತೂ ನಿರೀಕ್ಷಿಸುತ್ತಾರೆ.

ಆರನೆಯ ಹೆಜ್ಜೆ: ಕಾಕತಾಳೀಯವೋ, ಆರಿಸಿಕೊಂಡ ದಿನವೋ?

ಪರೀಕ್ಷೆಗಳಲ್ಲಿ ಉಳಿದ ಜೋಡಿಗಳನ್ನು ಎರಡು ಗುಂಪು ಮಾಡಿ. ಒಂದರಲ್ಲಿ ತಾನಾಗಿ ಕೂಡಿಬಂದವು, ಇನ್ನೊಂದರಲ್ಲಿ ಯಾರೋ ಹಳೆಯ ಘಟನೆಯನ್ನು ನೆನೆದು ಆ ದಿನವನ್ನೇ ಆರಿಸಿಕೊಂಡವು. ಪಟ್ಟಿಗಳನ್ನು ಮಾಡುವವರು ಮೊದಲನೆಯದನ್ನೇ ಮೆರೆಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದಕ್ಕೆ ತೂಕ ಹೆಚ್ಚು, ಏಕೆಂದರೆ ಅಲ್ಲಿ ತಾರೀಖು ಸ್ವತಃ ಇತಿಹಾಸದ ಒಂದು ಪಾತ್ರ.

ಏಪ್ರಿಲ್ 13ನ್ನು ನೋಡಿ. 1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪು ಹಿಡಿದರು. ಅದಾದ ವಾರಕ್ಕೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲ ಬದಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. 1919ರ ಏಪ್ರಿಲ್ 13 ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ದಿನ. ಇದನ್ನು ಬರಿಯ ಕಾಕತಾಳೀಯವೆಂದು ಬರೆದರೆ ಅಂಕೋಲೆಯವರಿಗೆ ಅನ್ಯಾಯವಾಗುತ್ತದೆ. ರೌಲಟ್ ಕಾಯಿದೆಯ ವಿರುದ್ಧ 1919ರ ಏಪ್ರಿಲ್ 6ರಂದು ದೇಶ ಹರತಾಳ ಆಚರಿಸಿತ್ತು. ಆ ದಿನದಿಂದ 13ರವರೆಗಿನ ಅವಧಿಯನ್ನು ಕಾಂಗ್ರೆಸಿನವರು ಮುಂದೆ ರಾಷ್ಟ್ರೀಯ ಸಪ್ತಾಹವೆಂದು ಆಚರಿಸುತ್ತ ಬಂದರು. ದಾಂಡಿಯ ಉಪ್ಪು ಸಪ್ತಾಹದ ಮೊದಲ ದಿನಕ್ಕೆ, ಅಂಕೋಲೆಯ ಉಪ್ಪು ಕೊನೆಯ ದಿನಕ್ಕೆ ಸೇರಿತು. ನಿಜವಾಗಿ ತಾನಾಗಿ ಕೂಡಿಬಂದದ್ದು ವಾರ ಮಾತ್ರ: 1919ರಲ್ಲೂ 1930ರಲ್ಲೂ ಏಪ್ರಿಲ್ 13 ಭಾನುವಾರವೇ ಆಗಿತ್ತು. ಇದೇ ತಾರೀಖಿಗೆ 1699ರ ಖಾಲ್ಸಾ ಸ್ಥಾಪನೆಯನ್ನೂ ಸೇರಿಸುವವರಿದ್ದಾರೆ. ಅದು ನಡೆದದ್ದು ಬೈಸಾಖಿಯಂದು; ಸಂಕ್ರಾಂತಿಯ ಜಾರುವಿಕೆಯನ್ನೂ ಜೂಲಿಯನ್ ವ್ಯತ್ಯಾಸವನ್ನೂ ಲೆಕ್ಕಿಸಿದರೆ ಆ ವರ್ಷದ ಬೈಸಾಖಿ ಇಂಗ್ಲಿಷರ ಅಂದಿನ ಕ್ಯಾಲೆಂಡರಿನಲ್ಲಿ ಮಾರ್ಚ್ ಕೊನೆಗೆ ಬೀಳುತ್ತದೆ. ಜಲಿಯನ್‌ವಾಲಾ ಬಾಗಿನಲ್ಲಿ ಜನ ಸೇರಿದ್ದ ದಿನವೂ ಬೈಸಾಖಿಯೇ ಆದ್ದರಿಂದ, ‘ಒಂದೇ ಹಬ್ಬದ ದಿನ’ ಎಂದು ಬರೆಯಿರಿ, ‘ಒಂದೇ ತಾರೀಖು’ ಎನ್ನಬೇಡಿ.

ಜನವರಿ 26 ಎರಡೂ ಗುಂಪುಗಳಿಗೆ ಸೇರುತ್ತದೆ. 1930ರ ಆ ದಿನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ನಡೆದುದರಿಂದಲೇ 1950ರಲ್ಲಿ ಸಂವಿಧಾನ ಜಾರಿಗೆ ಬರಲು ಆ ದಿನವನ್ನು ಕಾಯ್ದುಕೊಳ್ಳಲಾಯಿತು. ಕೊಂಕಣ ರೈಲುಮಾರ್ಗದ ಪೂರ್ತಿ ಉದ್ದಕ್ಕೂ ಮೊದಲ ರೈಲು ಓಡಿದ್ದೂ 1998ರ ಅದೇ ದಿನ. ಆದರೆ 1831ರ ಜನವರಿ 26ರಂದು ಹಳಿಯಾಳದ ನೆರೆಯ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು, 2001ರಲ್ಲಿ ಗುಜರಾತಿನ ಭುಜ್ ಭೂಕಂಪವಾದದ್ದು ತಾನಾಗಿ ಕೂಡಿದವು. ರಾಯಣ್ಣನ ಜನ್ಮದಿನವನ್ನು ಆಗಸ್ಟ್ 15ರಂದು ಆಚರಿಸುತ್ತಾರೆ. ಹುಟ್ಟು ಸ್ವಾತಂತ್ರ್ಯ ದಿನ, ಸಾವು ಗಣರಾಜ್ಯ ದಿನ ಎಂಬ ಮಾತು ಕೇಳಲು ಚೆನ್ನ. ಆದರೆ ಆ ಕಾಲದ ಹಳ್ಳಿಯ ಮಗುವಿನ ಹುಟ್ಟನ್ನು ಯಾರೂ ಕಾಗದಕ್ಕಿಳಿಸುತ್ತಿರಲಿಲ್ಲ, ಗಲ್ಲಿನ ದಿನವನ್ನು ಸರ್ಕಾರ ದಾಖಲಿಸುತ್ತಿತ್ತು. ‘ಜನ್ಮದಿನವೆಂದು ಆಚರಿಸುವ ದಿನ’ ಎಂಬ ಒಂದು ಮಾತನ್ನು ಸೇರಿಸಿ ಬರೆದರೆ ಗೌರವಕ್ಕೂ ಕುಂದಿಲ್ಲ, ಸತ್ಯಕ್ಕೂ ಕುಂದಿಲ್ಲ. ನವೆಂಬರ್ 1 ಕೂಡ ಹೀಗೆಯೇ. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು, 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾದದ್ದು ಒಂದರ ನೆನಪಿನಲ್ಲಿ ಇನ್ನೊಂದು. 1755ರ ಅದೇ ದಿನ ಬೆಳಿಗ್ಗೆ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾದದ್ದು ಸಂಬಂಧವಿಲ್ಲದ್ದು.

ತಾನಾಗಿ ಕೂಡಿದವುಗಳಲ್ಲಿ ನಿಜಕ್ಕೂ ಅಪರೂಪದ್ದು ಬೇಕೆಂದರೆ ಜುಲೈ 4 ಇದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಆ ದಿನ, ಘೋಷಣೆಗೆ ದುಡಿದ ಜೆಫರ್ಸನ್ ಮತ್ತು ಆಡಮ್ಸ್ ಇಬ್ಬರೂ ಕೆಲವು ಗಂಟೆಗಳ ಅಂತರದಲ್ಲಿ ತೀರಿಕೊಂಡರು. 1831ರ ಅದೇ ತಾರೀಖಿಗೆ ಮತ್ತೊಬ್ಬ ಅಧ್ಯಕ್ಷ ಮನ್ರೊ ಹೋದರು. 1898ರಲ್ಲಿ ಕಾಶ್ಮೀರದಲ್ಲಿದ್ದಾಗ ಆ ತಾರೀಖಿನ ಮೇಲೆಯೇ ಪದ್ಯ ಬರೆದಿದ್ದ ವಿವೇಕಾನಂದರು 1902ರ ಜುಲೈ 4ರಂದೇ ಬೇಲೂರು ಮಠದಲ್ಲಿ ದೇಹ ಬಿಟ್ಟರು.

ಏಳನೆಯ ಹೆಜ್ಜೆ: ಬಿಡಬೇಕಾದವು

ಗೆಲಿಲಿಯೋ ಸತ್ತ ದಿನವೇ ನ್ಯೂಟನ್ ಹುಟ್ಟಿದ ಎನ್ನುವುದು ತಪ್ಪು. ಹೊಸ ಲೆಕ್ಕದಲ್ಲಿ ಮೊದಲನೆಯದು 1642ರ ಜನವರಿ 8, ಎರಡನೆಯದು 1643ರ ಜನವರಿ 4, ವರ್ಷವೂ ಒಂದಲ್ಲ. ಅದರ ಬದಲು ಸ್ಟೀಫನ್ ಹಾಕಿಂಗರನ್ನು ಇಡಿ: ಗೆಲಿಲಿಯೋ ಸತ್ತ 300 ವರ್ಷಗಳಿಗೆ ಸರಿಯಾಗಿ, 1942ರ ಜನವರಿ 8ರಂದು ಹುಟ್ಟಿ, 2018ರಲ್ಲಿ ಐನ್‌ಸ್ಟೈನರ ಜನ್ಮದಿನವಾದ ಮಾರ್ಚ್ 14ರಂದು ತೀರಿಕೊಂಡರು. ಲಿಂಕನ್ ಮತ್ತು ಕೆನಡಿಯ ಸಾಮ್ಯಗಳ ಉದ್ದನೆಯ ಪಟ್ಟಿಯನ್ನು ಮುಟ್ಟಬೇಡಿ. ಡಿಸೆಂಬರ್ 5ರಂದು ಶತಮಾನಕ್ಕೊಮ್ಮೆ ಹಡಗು ಮುಳುಗಿ, ಪ್ರತಿ ಸಲವೂ ಒಂದೇ ಹೆಸರಿನವನೊಬ್ಬ ಮಾತ್ರ ಬದುಕುವ ಕಥೆಯಲ್ಲಿ ಇಸವಿಗಳು ಹೇಳುವವರಿಗೆ ತಕ್ಕಂತೆ ಬದಲಾಗುತ್ತವೆ, ಅದೂ ಬೇಡ.

ಕೊನೆಯ ಹೆಜ್ಜೆ: ಹಲಗೆಗೆ ಇಳಿಸುವುದು

ನಾಲ್ಕು ನಮೂದುಗಳಿಗಿಂತ ಹೆಚ್ಚು ಬೇಡ. ಪ್ರತಿಯೊಂದರಲ್ಲೂ ವರ್ಷ, ಊರು, ನಡೆದದ್ದು ಇರಲಿ. ‘ವಿಚಿತ್ರವೆಂದರೆ’, ‘ಆಶ್ಚರ್ಯವೆಂಬಂತೆ’ ಮುಂತಾದ ಮಾತುಗಳನ್ನು ಅಳಿಸಿಬಿಡಿ, ಪಕ್ಕಪಕ್ಕದಲ್ಲಿಟ್ಟರೆ ಆ ಕೆಲಸ ತಾನೇ ಆಗುತ್ತದೆ. ಮೇ 7ರ ಹಲಗೆಯನ್ನು ನಾನಾದರೆ ಹೀಗೆ ಬರೆಯುತ್ತೇನೆ:

“1824: ಕಿವಿ ಕೇಳದ ಬೀಥೋವನ್ ತನ್ನ ಒಂಬತ್ತನೆಯ ಸಿಂಫನಿಯ ಮೊದಲ ಪ್ರದರ್ಶನದಲ್ಲಿ ವೇದಿಕೆಯ ಮೇಲಿದ್ದ, ಚಪ್ಪಾಳೆ ಕಾಣಲೆಂದು ಗಾಯಕಿಯೊಬ್ಬಳು ಅವನನ್ನು ಸಭೆಯ ಕಡೆಗೆ ತಿರುಗಿಸಬೇಕಾಯಿತು. 1861: ಮುಂದೆ ಕಾರವಾರದ ಕಡಲನ್ನು ಕಂಡು ಬರೆಯಲಿದ್ದ ರವೀಂದ್ರನಾಥ ಟಾಗೋರರು ಕೊಲ್ಕತ್ತೆಯಲ್ಲಿ ಹುಟ್ಟಿದರು. 1915: ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಲುಸಿಟಾನಿಯಾ 18 ನಿಮಿಷಗಳಲ್ಲಿ ಮುಳುಗಿ ಸುಮಾರು 1,200 ಮಂದಿ ಸತ್ತರು. 1945: ರೀಮ್ಸ್‌ನಲ್ಲಿ ಜರ್ಮನಿಯ ಶರಣಾಗತಿಗೆ ಮೊದಲ ಸಹಿ ಬಿತ್ತು.”

ಮೇ 7 ಶಾಲೆಗಳಿಗೆ ಬೇಸಿಗೆ ರಜೆಯ ಕಾಲವಾದ್ದರಿಂದ ಇದು ವಾಚನಾಲಯದ ಹಲಗೆಗೆ ತಕ್ಕದ್ದು. ಉಳಿದ ಚೀಟಿಗಳನ್ನು ಎಸೆಯಬೇಡಿ: 2033ರಲ್ಲಿ ಬ್ರಾಮ್ಸನಿಗೆ, 2040ರಲ್ಲಿ ಚೈಕೋವ್‌ಸ್ಕಿಗೆ 200 ತುಂಬುತ್ತದೆ. ಅದಕ್ಕೂ ಮೊದಲು, 2030ರ ಏಪ್ರಿಲ್ 13ಕ್ಕೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ ನೂರು ವರ್ಷ. ಅಂದು ಶನಿವಾರ, ಆ ಹೊತ್ತಿಗೆ ಶಾಲೆಗಳಿಗೆ ರಜೆ ಬಿಟ್ಟಿರುತ್ತದೆ. ಶಾಲೆಯ ಹಲಗೆಯಲ್ಲಿ ಅದು ಬರಬೇಕೆಂದಿದ್ದರೆ ಸಪ್ತಾಹದ ಮೊದಲ ದಿನವಾದ ಏಪ್ರಿಲ್ 6ರಿಂದಲೇ ಬರೆಯಲು ಆರಂಭಿಸಿ, ಊರಿನ ಮನೆಗಳಲ್ಲಿ ಉಳಿದಿರಬಹುದಾದ ಕಾಗದಗಳಿಗೂ ಚಿತ್ರಗಳಿಗೂ ಈಗಿನಿಂದಲೇ ಚೀಟಿ ಮಾಡಿಡಿ.